ಇಪ್ಪತ್ತು ಫ್ರೇಮು

ಮೂರನೇ ಸಾಲಿನ ಆ ಹೆಂಗಸಿನ ಮೇಲೆ ನನಗೆ ಹನ್ನೊಂದು ವರ್ಷದಿಂದ ಸಿಟ್ಟಿತ್ತು. ಕಾರಣ ಸಣ್ಣದೇ. ನಾನು ಆಪರೇಟರ್ ಆಗಿರುವ ಥಿಯೇಟರಿನಲ್ಲಿ ಬ್ರೆಜಿಲಿನವರು ವರ್ಷಕ್ಕೊಮ್ಮೆ ಮೂರು ದಿನ ತಮ್ಮ ದೇಶದ ಸಿನಿಮಾ ತೋರಿಸುತ್ತಾರೆ. ಆ ದೇಶ ಬಿಟ್ಟು ಬಂದು ಇಲ್ಲಿ ಬೇರು ಬಿಟ್ಟವರು, ಅವರದೊಂದು ಸಂಘ, ಸಂಘಕ್ಕೊಂದು ಉತ್ಸವ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಪ್ರತಿ ವರ್ಷವೂ ಅವರ ಅದೇ ಹಳೆಯ ಕಪ್ಪು ಬಿಳುಪಿನ ಚಿತ್ರ. ನಾಲ್ಕನೇ ರೀಲು ಓಡುತ್ತಿರುವಾಗಲೇ ಈಕೆ ಎದ್ದು ಹೊರಟುಬಿಡುತ್ತಾಳೆ. ಬಾಗಿಲು ತೆರೆದ ಕೂಡಲೇ ಲಾಬಿಯ ಬೆಳಕು ಪರದೆಯ ಮೇಲೆ ಬಿದ್ದು ಚಿತ್ರ ಬೆಳ್ಳಗಾಗುತ್ತದೆ. ಅರವತ್ತು ಜನರ ಕಣ್ಣು ಹಾಳು. ನೋಡಲು ಮನಸ್ಸಿಲ್ಲದಿದ್ದರೆ ಬರುವುದಾದರೂ ಯಾಕೆ ಎಂದು ನಾನು ಕ್ಯಾಬಿನ್ನಿನ ಕಿಂಡಿಯಿಂದ ಪ್ರತಿ ವರ್ಷ ಗೊಣಗಿದ್ದೇನೆ.

ಉಳಿದ ಸಿನಿಮಾಗಳೆಲ್ಲ ಈಗ ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಬರುತ್ತವೆ. ಅದನ್ನು ಚುಚ್ಚಿ ಬಟನ್ ಒತ್ತುವುದಕ್ಕೆ ಆಪರೇಟರ್ ಬೇಕಿಲ್ಲ, ನನ್ನ ಹೆಂಡತಿಯೂ ಒತ್ತಬಹುದು. ಟಿಕೆಟ್ ಕೌಂಟರಿನಲ್ಲಿ ಕೂರುವ ಅವಳು ಎರಡು ಸಲ ಒತ್ತಿಯೂ ಇದ್ದಾಳೆ, ಅದನ್ನು ಇಪ್ಪತ್ತು ಸಲ ಹೇಳಿಯೂ ಇದ್ದಾಳೆ. ಆದರೆ ಭಾನುವಾರದ ಆ ಚಿತ್ರ ನಿಜವಾದ ಫಿಲ್ಮು. ಐದು ಡಬ್ಬಿ, ಐದು ರೀಲು. ಮೂವತ್ತು ವರ್ಷದ ಹಿಂದೆ ನದಿ ದಂಡೆಯ ದೋಣಿಕಟ್ಟೆಯೊಂದರಲ್ಲಿ ತೆಗೆದದ್ದು. ನೆಗೆಟಿವ್ ಯಾವತ್ತೋ ಹಾಳಾಗಿ ಹೋಗಿ, ಇಡೀ ಲೋಕಕ್ಕೆ ಉಳಿದಿರುವುದು ಸಂಘದ ಕೈಲಿರುವ ಇದೊಂದೇ ಪ್ರಿಂಟು.

ಸಂಘದ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ, ಮಾತಾಡುವಾಗ ಎದುರಿನವರ ಬಾಯಿಯೊಳಗೇ ನೋಡುವುದೊಂದು ಚಟ. ಏಳೆಂಟು ವರ್ಷದ ಹಿಂದೆ ಅವರು, "ಇದನ್ನ ಕಂಪ್ಯೂಟರಿಗೆ ಹಾಕಿಸಿಬಿಡೋಣ್ವಾ?" ಎಂದು ಕೇಳಿದ್ದರು. ನಾನೇ ಬೇಡ ಎಂದಿದ್ದೆ. "ನಾನಿರೋವರೆಗೂ ಈ ಪ್ರಿಂಟಿನ ಕೂದಲೂ ಕೊಂಕಲ್ಲ ಡಾಕ್ಟ್ರೇ" ಎಂದು ಎದೆ ಉಬ್ಬಿಸಿದ್ದೆ. ಆ ಮಾತು ಈಗ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಈ ಸಲದ್ದು ಹನ್ನೆರಡನೇ ಉತ್ಸವ. ಶುಕ್ರವಾರ ಮಧ್ಯಾಹ್ನ ನಾನು ಕ್ಯಾಬಿನ್ನಿನಲ್ಲಿ ನಾಲ್ಕನೇ ರೀಲನ್ನು ಬೆಂಚಿನ ಮೇಲೆ ಸುತ್ತುತ್ತಾ ಪರೀಕ್ಷೆ ಮಾಡುತ್ತಿದ್ದೆ. ಬೆಂಚು ಎಂದರೆ ಎರಡು ಕೈಹಿಡಿ ಚಕ್ರ, ನಡುವೆ ಹಾಲುಗಾಜಿನ ಕೆಳಗೊಂದು ದೀಪ. ಬಲಕ್ಕೆ ಬ್ಲೇಡು, ಎಡಕ್ಕೆ ಟೇಪು, ಕುತ್ತಿಗೆಗೆ ದಾರ ಕಟ್ಟಿದ ಭೂತಗನ್ನಡಿ. ಕಬ್ಬಿಣದ ಮೆಟ್ಟಿಲ ಮೇಲೆ ಯಾರೋ ಒಂದೊಂದೇ ಹೆಜ್ಜೆ ಇಟ್ಟು, ನಿಂತು, ಉಸಿರು ಬಿಟ್ಟು ಹತ್ತುವ ಸದ್ದಾಯಿತು. ಪ್ರವೇಶವಿಲ್ಲ ಎಂದು ಇಷ್ಟು ದೊಡ್ಡ ಬೋರ್ಡು ಹಾಕಿದ್ದೇನೆ. ಬಯ್ಯಲು ಸಿದ್ಧನಾಗಿ ತಿರುಗಿದರೆ ಬಾಗಿಲಲ್ಲಿ ಮೂರನೇ ಸಾಲಿನ ಹೆಂಗಸು.

ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಪ್ಪತ್ತು ದಾಟಿದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆಂದು ಗೊತ್ತಿತ್ತು, ನನ್ನ ಹೆಂಡತಿ ಕಿಟಕಿ ಪರದೆ ಹೊಲಿಸಿಕೊಂಡು ಬಂದಿದ್ದಳು. ಮೊಣಕಾಲು ಹಿಡಿದುಕೊಂಡು ನಿಂತಿದ್ದವಳನ್ನು ನೋಡಿ ಬೈಗುಳ ಬಾಯಲ್ಲೇ ಉಳಿಯಿತು. ಸ್ಟೂಲು ಎಳೆದು ಕೊಟ್ಟೆ.

"ಒಂದು ಮಾತು ಕೇಳ್ಬೇಕಪ್ಪಾ. ನಗಬೇಡ" ಎಂದಳು.

"ಹೇಳಿ ಅಮ್ಮ."

"ನೀನು ಮೇಲಿಂದ ನೋಡ್ತೀಯಲ್ಲ, ನಾಲ್ಕನೇ ರೀಲಲ್ಲಿ ಹಲಗೆ ಮೇಲೆ ಮೂಟೆ ಹೊತ್ಕೊಂಡು ದೋಣಿಯಿಂದ ಒಬ್ಬ ಇಳೀತಾನೆ. ಹತ್ತೊಂಬತ್ತು ವರ್ಷದವನು. ಅವನು ನಿನ್ನ ಕಡೆ ತಿರುಗ್ತಾನಾ? ಇಲ್ಲ, ನನಗೊಬ್ಬಳಿಗೇ ಬೆನ್ನು ತೋರಿಸ್ತಾನಾ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅಳಲಿಲ್ಲ, ಗಿರಾಕಿಗೆ ಅಳತೆ ಹೇಳುವವಳ ಹಾಗೆ ಹೇಳಿದಳು.

ಅವನು ಅವಳ ಮಗ. ಏಳು ವರ್ಷದವನಿದ್ದಾಗ ತಂಗಿಯ ಹತ್ತಿರ ಬಿಟ್ಟು, ಎರಡೇ ವರ್ಷದಲ್ಲಿ ಕರೆಸಿಕೊಳ್ಳುತ್ತೇನೆಂದು ಹೇಳಿ ಈ ದೇಶಕ್ಕೆ ದುಡಿಯಲು ಬಂದಳು. ಕರೆಸಿಕೊಳ್ಳಲು ಒಂದು ಸರ್ಕಾರಿ ಕಾಗದ ಸಿಕ್ಕಿದರೆ ಇನ್ನೊಂದು ಸಿಗಲಿಲ್ಲ. ಎರಡು ವರ್ಷ ಹದಿಮೂರಾಯಿತು. ಹುಡುಗ ದೋಣಿಕಟ್ಟೆಯಲ್ಲಿ ಮೂಟೆ ಹೊತ್ತ, ಆಮೇಲೆ ದೊಡ್ಡ ದೋಣಿಯೊಂದರಲ್ಲಿ ಕೆಲಸಕ್ಕೆ ಹೋದ, ವಾಪಸ್ ಬರಲಿಲ್ಲ. ದೋಣಿ ಮುಳುಗಿದ ಸುದ್ದಿಯೂ ಇಲ್ಲ, ತೇಲಿದ ಸುದ್ದಿಯೂ ಇಲ್ಲ. ಅವಳ ಹತ್ತಿರ ಇದ್ದ ಒಂದೇ ಫೋಟೋ ಇಲ್ಲಿಗೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ಕಳೆದ ಕೈಚೀಲದ ಜೊತೆ ಹೋಗಿತ್ತು.

"ಮೊದಲನೇ ಉತ್ಸವಕ್ಕೆ ಸುಮ್ನೆ ಬಂದಿದ್ದೆ, ನಮ್ಮೂರ ಕಡೆ ನೀರು ನೋಡೋಣ ಅಂತ. ಇವನು ಇಳಿದ. ಇಳಿದವನು ನಿಂತ, ತಿರುಗಿ ನೇರ ನನ್ನನ್ನ ನೋಡಿದ, ನಕ್ಕ. ಆಮೇಲೆ ಹೋದ. ನೋಡಿದ ತಕ್ಷಣ ಗೊತ್ತಾಯ್ತು. ಏಳು ವರ್ಷದವನಿದ್ದಾಗಲೂ ಕರೆದ್ರೆ ಹಾಗೇ ತಿರುಗ್ತಿದ್ದ, ಮೊದಲು ಗಲ್ಲ, ಆಮೇಲೆ ಕಣ್ಣು."

"ಆಮೇಲೆ?"

"ಆಮೇಲೆ ತಂಗಿ ಕಾಗದ ಬರೆದಳು. ಇವನ ಪಾಲೂ ಇರೋ ಮನೆ ಅವಳ ಮಕ್ಕಳ ಹೆಸರಿಗಾಗಬೇಕು, ಇವನು ಸತ್ತಿದ್ದಾನೆ ಅಂತ ತಾಯಿ ಸಹಿ ಮಾಡ್ಬೇಕು ಅಂತ. ಅವನು ಹೋಗಿ ಹದಿನೆಂಟು ವರ್ಷ ಆಗಿತ್ತು. ಮಾಡಿದೆ." ಅವಳು ತನ್ನ ಬಲಗೈ ನೋಡಿಕೊಂಡಳು. "ಮುಂದಿನ ವರ್ಷ ಬಂದು ಕೂತ್ರೆ, ನಗು ಇರಲಿಲ್ಲ. ಕಣ್ಣು ಹಾಗೆ ಬಂದು ಹೀಗೆ ಹೋಯ್ತು. ಅದರ ಮುಂದಿನ ವರ್ಷ ಇನ್ನೂ ಕಮ್ಮಿ. ಹೋದ ವರ್ಷ ನೋಡಲೇ ಇಲ್ಲ. ತಲೆ ತಗ್ಗಿಸ್ಕೊಂಡು ಇಳಿದ, ಬೆನ್ನು ಹಾಕಿ ಹೋದ. ಸತ್ತೆ ಅಂತ ಬರೆದುಕೊಟ್ಟವಳ ಮುಖ ಯಾವ ಮಗ ನೋಡ್ತಾನೆ?"

ನನ್ನ ಕೈಯಲ್ಲಿ ಬ್ಲೇಡಿತ್ತು. ಅದನ್ನು ನಿಧಾನವಾಗಿ ಬಟ್ಟೆಯ ಕೆಳಗೆ ಸರಿಸಿದೆ. ಯಾಕೆ ಸರಿಸಿದೆ ಎಂದು ಆಗಿನ್ನೂ ನನಗೆ ಪೂರ್ತಿ ಗೊತ್ತಿರಲಿಲ್ಲ, ಕೈಗೆ ಮೊದಲು ಗೊತ್ತಾಗಿತ್ತು.

"ನಾನು ಚಿತ್ರ ನೋಡಲ್ಲ ಅಮ್ಮ" ಎಂದೆ. "ಫೋಕಸ್ ನೋಡ್ತೀನಿ."

ಅವಳು ತಲೆಯಾಡಿಸಿದಳು. "ಭಾನುವಾರ ಕ್ಷಮೆ ಕೇಳ್ಬೇಕು ಅಂತಿದ್ದೀನಿ. ಮುಂದಿನ ವರ್ಷಕ್ಕೆ ನಾನಿರ್ತೀನೋ ಇಲ್ವೋ" ಎಂದು ಹೇಳಿ, ಹತ್ತಿದಷ್ಟೇ ಹೊತ್ತು ಹಿಡಿದು ಮೆಟ್ಟಿಲು ಇಳಿದಳು.

ಅವಳು ಹೋದ ಮೇಲೆ ರೀಲನ್ನು ದೋಣಿಕಟ್ಟೆಯವರೆಗೆ ಸುತ್ತಿದೆ. ಅಲ್ಲೊಂದು ಜಾಯಿಂಟು ಇದೆ. ಎರಡನೇ ಉತ್ಸವದ ಹಿಂದಿನ ದಿನ ಓಡಿಸಿ ನೋಡುವಾಗ ಫಿಲ್ಮು ಅಲ್ಲೇ ತುಂಡಾಗಿತ್ತು. ತುಂಡಾದಾಗ ಎರಡೂ ಕಡೆ ಹರಿದ ಒಂದೊಂದು ಫ್ರೇಮು ಕತ್ತರಿಸಿ ಟೇಪು ಹಾಕಬೇಕು, ಅದು ಎಲ್ಲರೂ ಮಾಡುವ ಕೆಲಸ. ಎಲ್ಲರೂ ಮಾಡದ ಕೆಲಸ ಒಂದನ್ನು ನಾನು ಮಾಡುತ್ತಿದ್ದೆ. ಹಳೆಯ ಟೇಪಿನ ಅಂಟು ವರ್ಷದಲ್ಲಿ ಒಣಗುತ್ತದೆ, ಓಡುವಾಗ ಬಿಟ್ಟುಕೊಳ್ಳಬಹುದು. ಹಳೇ ಜಾಯಿಂಟನ್ನು ನಂಬಬೇಡ ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕಿವಿ ಹಿಂಡಿ ಹೇಳಿದ್ದರು. ಹಾಗಾಗಿ ಪ್ರತಿ ವರ್ಷ ಪ್ರದರ್ಶನಕ್ಕೆ ಮೊದಲು ಹಳೆಯ ಟೇಪು ಕಿತ್ತು, ಅಂಟು ಮೆತ್ತಿದ ಫ್ರೇಮನ್ನು ಆ ಕಡೆಯೊಂದು ಈ ಕಡೆಯೊಂದು ಕತ್ತರಿಸಿ, ಹೊಸದಾಗಿ ಜೋಡಿಸುತ್ತಿದ್ದೆ. ಚೂರುಗಳು ಕಸದ ಬುಟ್ಟಿಗೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು ಓಡುವಾಗ ಎರಡು ಹೋದರೆ ಯಾವ ದೇವರಿಗೂ ಗೊತ್ತಾಗುವುದಿಲ್ಲ.

ಭೂತಗನ್ನಡಿ ಇಟ್ಟೆ. ಜಾಯಿಂಟಿನ ಈಚೆಯ ಫ್ರೇಮಿನಲ್ಲಿ ಹುಡುಗ ತಲೆ ತಗ್ಗಿಸಿ ಹಲಗೆ ನೋಡುತ್ತಿದ್ದಾನೆ. ಆಚೆಯದರಲ್ಲಿ ಕಿವಿ, ಕುತ್ತಿಗೆ, ಬೆನ್ನ ಮೇಲಿನ ಮೂಟೆ. ಎರಡರ ನಡುವೆ ನನ್ನ ಟೇಪಿನ ನೀಟಾದ ಗೆರೆ. ಹತ್ತು ವರ್ಷ, ವರ್ಷಕ್ಕೆರಡು. ಇಪ್ಪತ್ತು ಫ್ರೇಮು. ಒಂದು ಸೆಕೆಂಡಿಗೂ ಕಮ್ಮಿ. ಅಷ್ಟೇ ಹೊತ್ತು ಅವನು ತಿರುಗಿ ನೋಡಿದ್ದು, ಅಷ್ಟನ್ನೂ ನಾನು ತಿಂದು ಮುಗಿಸಿದ್ದೆ.

ಅವತ್ತು ಊಟ ಸೇರಲಿಲ್ಲ. ಹೆಂಡತಿ ಬಿಡಲಿಲ್ಲ, ಕೆದಕಿ ಕೆದಕಿ ಹೊರಗೆ ತೆಗೆದಳು.

"ಹೇಳಿಬಿಡ್ರೀ" ಎಂದಳು.

"ಏನಂತ ಹೇಳ್ಲಿ? ನಿಮ್ಮ ಮಗನ ಮುಖ ಕಸದ ಬುಟ್ಟಿಗೆ ಹಾಕಿದೆ ಅಂತಲಾ?"

"ಮಗ ಮುಖ ತಿರುಗಿಸ್ಕೊಂಡ ಅಂತ ಹತ್ತು ವರ್ಷದಿಂದ ಬೇಯ್ತಿದ್ದಾಳಲ್ರೀ ಆಯಮ್ಮ! ನಿಮ್ಮ ಶಿಸ್ತಿಗಿಷ್ಟು ಬೆಂಕಿ ಬೀಳ."

ಶಿಸ್ತು ನನಗಿರುವ ಒಂದೇ ಆಸ್ತಿ. ಥಿಯೇಟರಿನ ಮಾಲೀಕರು ನಾಲ್ಕು ಸಲ ಬದಲಾದರು, ನನ್ನನ್ನು ಯಾರೂ ಬದಲಾಯಿಸಲಿಲ್ಲ. ಹೇಳಿದರೆ ಸಂಘದವರ ಮುಖ ಹೇಗೆ ನೋಡುವುದು? ಡಾಕ್ಟರಿಗೆ ಫೋನು ಮಾಡಿ ಸುಮ್ಮನೆ ಬೇರೇನೋ ಮಾತಾಡುತ್ತಾ ಆಕೆಯ ವಿಷಯ ಎತ್ತಿದೆ. ಅವರು ನಿಟ್ಟುಸಿರು ಬಿಟ್ಟರು. "ಪಾಪ, ಅವರದೊಂದು ಭ್ರಮೆ ಅಷ್ಟೇ. ಏಳು ವರ್ಷಕ್ಕೆ ಬಿಟ್ಟ ಮಗುವನ್ನ ಹತ್ತೊಂಬತ್ತಕ್ಕೆ ಯಾರು ಗುರುತಿಸ್ತಾರೆ, ಅದೂ ಒಂದು ಗಳಿಗೆಯಲ್ಲಿ? ನಾವ್ಯಾರೂ ನಂಬಲ್ಲ. ಬೇಜಾರಾಗುತ್ತೆ ಅಂತ ಹೂಂ ಅಂತೀವಿ."

ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ನಾಚಿಕೆಯಾಗಬೇಕು. ಅದು ಯಾರೋ ಕೂಲಿಯವನು. ಯಾರದೋ ಮುಖ ಹೋದರೆ ಯಾರ ಗಂಟೂ ಹೋಗಲಿಲ್ಲ. ಸುಮ್ಮನಿದ್ದುಬಿಡೋಣ.

ಆದರೆ ಶನಿವಾರ ಇಡೀ ದಿನ ಅವನು ನನ್ನ ಮುಂದೆ ಮುಂದೆ ನಡೆದ. ಬಸ್ಸಿನ ಕ್ಯೂನಲ್ಲಿ ನನ್ನ ಮುಂದಿದ್ದವನ ಕುತ್ತಿಗೆ ಅವನದೇ. ತರಕಾರಿ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಿದ್ದವನ ಬೆನ್ನು ಅವನದೇ. ತಿರುಗಿದರೆ ಸಾಕು, ಯಾರದೋ ಮುಖ ಕಂಡರೆ ಸಾಕು ಎಂದು ಹಿಂದೆಯೇ ನಡೆದೆ. ಒಬ್ಬರೂ ತಿರುಗಲಿಲ್ಲ. ಮಧ್ಯಾಹ್ನದ ಆಟಕ್ಕೆ ಕಿಂಡಿಯಲ್ಲಿ ಇಣುಕಿದರೆ ಕತ್ತಲಲ್ಲಿ ಕಾಣುವುದೆಲ್ಲ ಜನರ ಬೆನ್ನೇ, ತಲೆಯ ಹಿಂಭಾಗವೇ. ಮೂವತ್ತೈದು ವರ್ಷ ಅದನ್ನೇ ನೋಡಿದ್ದೇನೆ, ಅವತ್ತು ಮಾತ್ರ ಬೆವರಿಳಿಯಿತು. ಅಷ್ಟೂ ಜನ ನನಗೆ ಮುಖ ಕೊಡಬಾರದೆಂದು ಮಾತಾಡಿಕೊಂಡು ಕೂತ ಹಾಗಿತ್ತು. ಎದ್ದು ಕ್ಯಾಬಿನ್ನಿನ ಲೈಟು ಹಾಕಿದೆ. ಆಪರೇಟರ್ ಯಾವತ್ತೂ ಮಾಡಬಾರದ ಕೆಲಸ ಅದು.

ಆ ಜಾಯಿಂಟನ್ನು ಮಾತ್ರ ನಾನು ಮುಟ್ಟಲಿಲ್ಲ. ಇನ್ನೆರಡು ಫ್ರೇಮು ಕತ್ತರಿಸಲು ಕೈ ಬರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಸಲ ಹಳೆಯ ಟೇಪನ್ನು ನಂಬಿದೆ.

ಭಾನುವಾರ ಹನ್ನೊಂದಕ್ಕೆ ಹಾಲ್ ತುಂಬಿತ್ತು. ಹೆಂಡತಿ ಕೌಂಟರು ಮುಚ್ಚಿ ಮೇಲೆ ಬಂದು, ಒಂದೂ ಮಾತಾಡದೆ ನನ್ನ ಪಕ್ಕ ನಿಂತಳು. ಅವಳು ಮಾತಾಡದಿದ್ದರೆ ನನಗೆ ಭಯ. ಒಂದು, ಎರಡು, ಮೂರನೇ ರೀಲು ಬೆಣ್ಣೆಯಂತೆ ಓಡಿದವು. ನಾಲ್ಕು ಶುರುವಾಯಿತು. ನದಿ ಬಂತು, ಕಟ್ಟೆ ಬಂತು, ಹಲಗೆ ಬಿತ್ತು. ಮೂರನೇ ಸಾಲಿನಲ್ಲಿ ಆಕೆ ಮುಂದಕ್ಕೆ ಬಾಗಿದ್ದು ಕಾಣಿಸಿತು. ಕೈ ಮುಗಿದಿದ್ದಳೋ ಏನೋ, ಹಿಂದಿನಿಂದ ನನಗೆ ಗೊತ್ತಾಗಲಿಲ್ಲ.

ಹುಡುಗ ತಲೆ ತಗ್ಗಿಸಿ ಇಳಿಯುತ್ತಿದ್ದ. ಟಪ್ ಎಂದು ಸದ್ದಾಯಿತು. ಪರದೆ ಬೆಳ್ಳಗಾಯಿತು.

ಟೇಪು ಬಿಟ್ಟುಕೊಂಡಿತ್ತು. ಹುಡುಗ ಇಲ್ಲ, ದೋಣಿ ಇಲ್ಲ, ಬೆನ್ನೂ ಇಲ್ಲ. ತುಂಡಾದ ಫಿಲ್ಮು ಚಕ್ರದಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಯಂತ್ರ ನಿಲ್ಲಿಸಿದೆ, ಲ್ಯಾಂಪು ಮುಚ್ಚುವುದು ಮರೆತುಹೋಯಿತು. ಅಷ್ಟು ದೊಡ್ಡ ಬಿಳುಪಿನ ಮುಂದೆ ಆಕೆ ಎದ್ದು ನಿಂತಳು. ಕಿರುಚಲಿಲ್ಲ. ಪಕ್ಕದವರಿಗೆ ಸಮಯ ಹೇಳುವವರ ಹಾಗೆ ಹೇಳಿದಳು, ಆದರೆ ಆ ನಿಶ್ಶಬ್ದದಲ್ಲಿ ಕಿಂಡಿಯವರೆಗೂ ಕೇಳಿಸಿತು.

"ಈಗ ಇಳಿಯೋದೂ ಬೇಡ ಅಂದ."

ಹೆಂಡತಿ ನನ್ನ ತೋಳು ಮುಟ್ಟಿದಳಷ್ಟೇ. ನಾನು ಹೇಗೆ ಮೆಟ್ಟಿಲಿಳಿದೆನೋ ತಿಳಿಯದು. ಹಾಲಿನೊಳಗೆ ಹೋಗಿ, ಮೂರನೇ ಸಾಲಿನ ಮುಂದೆ, ಪರದೆಗೆ ಬೆನ್ನು ಮಾಡಿ ನಿಂತೆ. ಮೊದಲ ಬಾರಿಗೆ ಅವರೆಲ್ಲರ ಮುಖ ಕಂಡಿತು.

"ಅವನು ತಿರುಗದೇ ಇರಲಿಲ್ಲ ಅಮ್ಮ" ಎಂದೆ. "ಅವನು ಪ್ರತಿ ವರ್ಷ ತಿರುಗಿದ. ನಾನು ಕತ್ತರಿಸಿದೆ."

ಎಲ್ಲವನ್ನೂ ಹೇಳಿದೆ. ಟೇಪು, ಅಂಟು, ಆ ಕಡೆಯೊಂದು ಈ ಕಡೆಯೊಂದು, ಕಸದ ಬುಟ್ಟಿ. ಚಿತ್ರಕ್ಕೆ ತೊಂದರೆಯಾಗಬಾರದು ಎಂದೇ ಮಾಡಿದೆ ಎಂದು ಸೇರಿಸಲು ಹೊರಟವನು ಸೇರಿಸಲಿಲ್ಲ. ಡಾಕ್ಟರು ಎದ್ದು ಬಂದು ಆಕೆಯ ಹೆಗಲು ಹಿಡಿದು, "ಇರಲಿ ಬಿಡಿ ಅಮ್ಮ, ಅದು ಯಾರೋ ಒಬ್ಬ ಹುಡುಗ" ಎಂದರು. ಆಕೆ ಅವರ ಕೈಯನ್ನು ಹೆಗಲಿನಿಂದ ತೆಗೆದಳು.

"ನಾನು ಸಹಿ ಹಾಕಿದ್ದಕ್ಕೆ ಮುಖ ತಿರುಗಿಸಿದ್ದಲ್ಲವಾ?" ಎಂದು ನನ್ನನ್ನು ಕೇಳಿದಳು.

"ಅಲ್ಲ ಅಮ್ಮ. ನನ್ನ ಬ್ಲೇಡಿನಿಂದ."

ಆಕೆ ಕೂತಳು. ನನ್ನನ್ನೇ ನೋಡಿದಳು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ಹಾಗಾದ್ರೆ ಅವನನ್ನ ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ನೀನು" ಎಂದಳು. "ಆ ಗಾಜು ಇಟ್ಕೊಂಡು. ಹತ್ತು ವರ್ಷ. ಹೇಳು, ಹೇಗಿದ್ದ? ನನ್ನ ಕಣ್ಣಿಗೆ ದೂರದಿಂದ ನಗು ಒಂದು ಬಿಟ್ಟು ಏನೂ ಸಿಗಲಿಲ್ಲ. ಹುಬ್ಬು ಹೇಗಿತ್ತು? ಮೀಸೆ ಬಂದಿತ್ತಾ? ಹೇಳಪ್ಪಾ."

ನೆನಪು ಮಾಡಿಕೊಂಡೆ. ಕಣ್ಣು ಮುಚ್ಚಿ ಬೆಂಚಿನ ಮೇಲೆ ಬಾಗಿದೆ. ಅಂಟಿನ ಕಲೆ ನೆನಪಾಯಿತು, ಅಂಚಿನ ತೂತುಗಳಲ್ಲಿ ಒಂದು ಸೀಳಿದ್ದು ನೆನಪಾಯಿತು, ಧೂಳು ನೆನಪಾಯಿತು. ಮುಖ ಬರಲಿಲ್ಲ. ಹುಬ್ಬು ಇಲ್ಲ, ಮೀಸೆ ಇಲ್ಲ. ಹತ್ತು ವರ್ಷ ಅವನ ಮುಖದ ಮೇಲೆ ಮೂಗಿಟ್ಟು ಕೂತಿದ್ದೇನೆ, ನೋಡಿಲ್ಲ. ಸುಳ್ಳು ಹೇಳಬಹುದಿತ್ತು. ನಿಮ್ಮ ಹಾಗೇ ಇದ್ದ ಎಂದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ.

"ಗೊತ್ತಿಲ್ಲ ಅಮ್ಮ" ಎಂದೆ. "ನಾನು ನೋಡ್ತಿದ್ದುದು ಫಿಲ್ಮನ್ನ. ಅಲ್ಲೊಂದು ಗೀರು ಬಿದ್ದಿತ್ತು, ಬಿಳೀ ಗೀರು, ಎಡಗಣ್ಣಿನ ಕೆಳಗಿಂದ ಬಾಯಿಯ ಮೂಲೆವರೆಗೆ. ಅದೊಂದೇ ನನಗೆ ನೆನಪಿರೋದು. ಪ್ರತಿ ವರ್ಷ ಔಷಧಿ ಹಚ್ಚಿ ಬಟ್ಟೇಲಿ ಒರೆಸ್ತಿದ್ದೆ. ಹೋಗ್ತಿರಲಿಲ್ಲ."

ಹೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಫಿಲ್ಮಿನ ಮೇಲೆ ಬಿದ್ದ ಗೀರು ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುವ ಪಾಠ ಅದು. ಇದು ನಿಲ್ಲುತ್ತಿರಲಿಲ್ಲ. ಮುಖದ ಜೊತೆಗೇ ತಿರುಗುತ್ತಿತ್ತು.

ಆಕೆಯ ಕೈ ತನ್ನ ಎಡಗೆನ್ನೆಗೆ ಹೋಗಿತ್ತು. ಡಾಕ್ಟರು ಈ ಸಲ ಬಾಯಿಯನ್ನಲ್ಲ, ಆ ಕೆನ್ನೆಯನ್ನೇ ನೋಡುತ್ತಿದ್ದರು.

"ನಾಲ್ಕು ವರ್ಷದವನು" ಎಂದಳು. "ಹೊಲಿಗೆ ಮೆಷಿನ್ನಿನ ಕೆಳಗೆ ಆಡ್ತಿದ್ದ. ಮೇಲಿಂದ ಕತ್ತರಿ ಜಾರಿತು. ಆ ಮುಖಾನ ಮೊದಲು ಕೊಯ್ದವಳು ನಾನು."

ಬಿಳೀ ಪರದೆಯ ಬೆಳಕು ಎಲ್ಲರ ಮುಖದ ಮೇಲೂ ಒಂದೇ ಸಮನಾಗಿ ಬಿದ್ದಿತ್ತು. ಆಕೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಅದರ ಕಡೆ ಆಕೆಗೆ ಗಮನವೇ ಇರಲಿಲ್ಲ.

"ಪ್ರತಿ ವರ್ಷ ಒರೆಸ್ತಿದ್ದೆಯಾ?"

"ಹೂಂ ಅಮ್ಮ. ಪ್ರತಿ ವರ್ಷ."

"ಮೆತ್ತಗೆ?"

"ಮೆತ್ತಗೇ ಅಮ್ಮ" ಎಂದೆ. "ಹಳೇ ಬಟ್ಟೇಲಿ."